ತಿರುವಿನಲ್ಲಿ ನಿಮ್ಮ ಕಾರಿನ ಗ್ರಿಪ್ ಎಷ್ಟು? ನೀವೇ ಅಳೆಯಿರಿ

ಸ್ಪೋರ್ಟ್ಸ್ ಕಾರಿನ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ: ‘ಎಷ್ಟು ಸ್ಪೀಡ್ ಹೋಗುತ್ತೆ?’ ತಿರುವಿನಲ್ಲಿ ಎಷ್ಟು ಹೋಗುತ್ತೆ ಅಂತ ಕೇಳುವವರು ಕಡಿಮೆ. ನನಗಂತೂ ಈ ಎರಡನೇ ಪ್ರಶ್ನೆಯೇ ಇಷ್ಟ. ಉತ್ತರಕ್ಕೆ ದುಬಾರಿ ಯಂತ್ರ ಬೇಕಿಲ್ಲ. 30 ಮೀಟರ್ ಹಗ್ಗ, ಚಾಕ್‌ಪೀಸ್, ಕೆಲವು ಕೋನ್, ಒಂದು ಸ್ಟಾಪ್‌ವಾಚ್, ಜತೆಗೊಬ್ಬ ಸ್ನೇಹಿತ ಇದ್ದರೆ ಆಯಿತು.

ನಾವು ಅಳೆಯುವುದು ‘ಲ್ಯಾಟರಲ್ ಜಿ’, ಅಂದರೆ ಪಕ್ಕಕ್ಕೆ ಬೀಳುವ ಬಲ. ನಿಮ್ಮ ತೂಕ 70 ಕೆ.ಜಿ. ಅಂದುಕೊಳ್ಳಿ. 1 ಜಿ ತಿರುವಿನಲ್ಲಿ ಯಾರೋ ನಿಮ್ಮನ್ನು 70 ಕೆ.ಜಿ. ಭಾರ ಹಾಕಿ ಬಾಗಿಲಿಗೆ ಒತ್ತಿದಂತಿರುತ್ತದೆ. ಮಾಮೂಲಿ ಕಾರುಗಳು 0.8 ಜಿ ಆಸುಪಾಸಿನಲ್ಲೇ ಜಾರತೊಡಗುತ್ತವೆ. ಒಳ್ಳೆಯ ಟೈರ್ ಇರುವ ಸ್ಪೋರ್ಟ್ಸ್ ಕಾರು 1 ಜಿ ಹತ್ತಿರ ಹೋಗುತ್ತದೆ.

ಮೊದಲು ಜಾಗ. ಸಾರ್ವಜನಿಕ ರಸ್ತೆ ಬೇಡವೇ ಬೇಡ. ಅನುಮತಿ ಇರುವ, ಜನರಿಲ್ಲದ, ಮಟ್ಟಸವಾದ ಒಣ ಡಾಂಬರು ನೆಲ ಬೇಕು. ಸುಮಾರು 120 ಮೀಟರ್ ಉದ್ದಗಲ ಇರಲಿ, ಕಾರು ಜಾರಿದರೂ ತಾಗಲು ಏನೂ ಇರಬಾರದು. ನಡುವೆ ಹಗ್ಗದ ಒಂದು ತುದಿ ಹಿಡಿದು ನಿಂತು, ಇನ್ನೊಂದು ತುದಿಯಲ್ಲಿ ಚಾಕ್ ಹಿಡಿದು ವೃತ್ತ ಎಳೆಯಿರಿ. ಕಾರಿನ ನಡುಭಾಗ ಈ ಗೆರೆಯ ಮೇಲೆಯೇ ಹೋಗಬೇಕು. ಕೋನ್‌ಗಳನ್ನು ಗೆರೆಯಿಂದ ಒಂದೂವರೆ ಮೀಟರ್ ಒಳಬದಿಗೆ ಇಡಿ. ಒಂದು ಕೋನ್ ಮಾತ್ರ ಬೇರೆ ಬಣ್ಣದ್ದಿರಲಿ, ಸುತ್ತು ಎಣಿಸಲು.

ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ ಬರೆದುಕೊಳ್ಳಿ. ಕಾರಿನೊಳಗಿನ ಬಾಟಲಿ, ಛತ್ರಿ, ಚಿಲ್ಲರೆ ಎಲ್ಲ ಹೊರಗೆ. ಬ್ರೇಕ್ ಪೆಡಲ್ ಕೆಳಗೆ ಉರುಳಿ ಹೋಗುವ ನೀರಿನ ಬಾಟಲಿಗಿಂತ ಅಪಾಯದ ವಸ್ತು ಇನ್ನೊಂದಿಲ್ಲ. ಕಾರು ಜಾರಿದಾಗ ತಾನಾಗಿಯೇ ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಬೇಡಿ. ಸ್ನೇಹಿತರು ಸ್ಟಾಪ್‌ವಾಚ್ ಹಿಡಿದು ಪಕ್ಕದ ಸೀಟಿನಲ್ಲೇ ಕೂರಲಿ. ಹೊರಗೆ ನಿಲ್ಲುವುದು ಬೇಡ.

ಈಗ ಗಂಟೆಗೆ 30 ಕಿ.ಮೀ.ನಲ್ಲಿ ಶುರು ಮಾಡಿ. ಇದು ಬರೀ 0.24 ಜಿ, ಏನೂ ಅನ್ನಿಸುವುದಿಲ್ಲ. 40ಕ್ಕೆ 0.42. 50ಕ್ಕೆ 0.66 ಆಗುವಾಗ ಮೊಣಕಾಲು ತಾನಾಗಿಯೇ ಬಾಗಿಲಿಗೆ ಒರಗುತ್ತದೆ. 60ಕ್ಕೆ 0.94! ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುತ್ತದೆ, ಅದಕ್ಕೇ ಕೊನೆಯ 10 ಕಿ.ಮೀ. ಇಷ್ಟು ಭಾರಿ. ಹಾಗಾಗಿ 50 ದಾಟಿದ ಮೇಲೆ ಸುತ್ತಿಗೆ ಒಂದೆರಡು ಕಿ.ಮೀ. ಮಾತ್ರ ಏರಿಸಿ.

ಮಿತಿ ಬಂತು ಅಂತ ಟೈರ್ ಮೊದಲೇ ಹೇಳುತ್ತದೆ. ಸಣ್ಣಗೆ ಕೀರುವ ಸದ್ದು, ಆಮೇಲೆ ಗಟ್ಟಿ ಅರಚಾಟ. ಸ್ಟೀರಿಂಗ್ ಹಗುರಾಗಿ, ಇನ್ನಷ್ಟು ತಿರುಗಿಸಿದರೂ ಮೂತಿ ಗೆರೆಯಿಂದ ಹೊರಗೆ ಹೋದರೆ ಅದು ಅಂಡರ್‌ಸ್ಟಿಯರ್. ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ. ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಹೊರಗೆ ಬೀಸಬಹುದು, ಅದೇ ಓವರ್‌ಸ್ಟಿಯರ್.

ಗೆರೆ ಬಿಡದೆ ಹೋಗುವ ಗರಿಷ್ಠ ವೇಗ ಸಿಕ್ಕಿತಾ? ಅದೇ ವೇಗದಲ್ಲಿ ಮೂರು ಸುತ್ತಿನ ಸಮಯ ಹಿಡಿದು ಮೂರರಿಂದ ಭಾಗಿಸಿ. ಬೆರಳಿನ ತಪ್ಪು ಹಂಚಿಹೋಗುತ್ತದೆ. ಲೆಕ್ಕ ಸುಲಭ: 121 ಅನ್ನು ಒಂದು ಸುತ್ತಿನ ಸೆಕೆಂಡುಗಳ ವರ್ಗದಿಂದ ಭಾಗಿಸಿ. 12 ಸೆಕೆಂಡ್ ಆದರೆ 0.84 ಜಿ. 11 ಸೆಕೆಂಡ್ ಆದರೆ ಸರಿಯಾಗಿ 1 ಜಿ. ಈ 121 ನಡೆಯುವುದು 30 ಮೀಟರ್ ತ್ರಿಜ್ಯದ ವೃತ್ತಕ್ಕೆ ಮಾತ್ರ.

ಎಡಕ್ಕೂ ಬಲಕ್ಕೂ ಸುತ್ತಿ ಸರಾಸರಿ ತೆಗೆಯಿರಿ. ನಡುನಡುವೆ ಬಿಡುವು ಕೊಡಿ. ಟೈರ್ ಜಾಸ್ತಿ ಬಿಸಿಯಾದರೆ ಹಿಡಿತ ಇಳಿಯುತ್ತದೆ. ಸುತ್ತುತ್ತಲೇ ಇದ್ದರೆ ಎಂಜಿನ್ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುವುದೂ ಉಂಟು. ಆಯಿಲ್ ದೀಪ ಮಿನುಗಿದರೆ ಅಲ್ಲಿಗೇ ನಿಲ್ಲಿಸಿ.

ಫೋನಿನ ಆ್ಯಪ್ ಸಾಕಲ್ವಾ ಅಂತ ಕೇಳಬಹುದು. ನಾನೂ ಮೊದಲು ಅದನ್ನೇ ನಂಬಿ ಹಿಗ್ಗಿದ್ದೆ. ಆದರೆ ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ, ಜತೆಗೆ ಫೋನೂ ವಾಲುತ್ತದೆ. ಬರೀ 3 ಡಿಗ್ರಿ ವಾಲಿದರೂ 0.05 ಜಿ ಸುಮ್ನೆ ಸೇರಿಕೊಳ್ಳುತ್ತದೆ. ಸ್ಟಾಪ್‌ವಾಚ್‌ಗೆ ಆ ಹೊಗಳಿಕೆ ಗೊತ್ತಿಲ್ಲ.

ಸ್ಪೋರ್ಟ್ಸ್ ಕಾರು ಗೆಲ್ಲುವುದು ಎಲ್ಲಿ? ಟೈರ್ ಬಿಟ್ಟರೆ ಅದರ ಕುಳ್ಳತನದಲ್ಲಿ. 1,400 ಕೆ.ಜಿ. ಕಾರು ತೆಗೆದುಕೊಳ್ಳಿ. ಭಾರದ ಕೇಂದ್ರ ಅರ್ಧ ಮೀಟರ್ ಎತ್ತರ, ಎಡಬಲ ಚಕ್ರಗಳ ನಡುವೆ 1.6 ಮೀಟರ್. 1 ಜಿ ತಿರುವಿನಲ್ಲಿ ಸುಮಾರು 440 ಕೆ.ಜಿ. ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ದಾಟುತ್ತದೆ. ಹೊರಗೆ 1,140, ಒಳಗೆ ಬರೀ 260! ಟೈರಿನ ಮೇಲೆ ಭಾರ ಹೆಚ್ಚಿದಷ್ಟೇ ಹಿಡಿತ ಹೆಚ್ಚುವುದಿಲ್ಲ, ಹಾಗಾಗಿ ಈ ದಾಟುವಿಕೆ ಶುದ್ಧ ನಷ್ಟ. ಭಾರದ ಕೇಂದ್ರ ಕೆಳಗಿದ್ದಷ್ಟೂ ಅದು ಕಡಿಮೆ. ದಪ್ಪ ಆ್ಯಂಟಿ-ರೋಲ್ ಬಾರ್ (ಕಾರು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಸರಳು) ಹಾಕಿದರೆ ಈ ದಾಟುವಿಕೆ ನಿಲ್ಲುತ್ತದೆ ಅಂತ ಹಲವರು ನಂಬಿದ್ದಾರೆ. ವಾಲುವುದು ಕಡಿಮೆಯಾಗುತ್ತದೆ, ದಾಟುವ ಒಟ್ಟು ಭಾರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವ ಪಾಲು ಮಾತ್ರ ಬದಲು.

ಸಿಕ್ಕ ಅಂಕಿಯನ್ನು ಜೇಬಿನ ದುಡ್ಡಿನಂತೆ ನೋಡಿ. ಒಟ್ಟು 1 ಜಿ ಇದ್ದು, ತಿರುಗಲು 0.8 ಖರ್ಚಾದರೆ ಬ್ರೇಕಿಗೆ 0.6 ಉಳಿಯುತ್ತದೆ. 0.2 ಅಲ್ಲ, ಇದು ಲಂಬಕೋನ ತ್ರಿಕೋನದ ಲೆಕ್ಕ: 0.8ರ ವರ್ಗಕ್ಕೆ 0.6ರ ವರ್ಗ ಕೂಡಿದರೆ 1. ಪೂರ್ತಿ 1 ಜಿಯಲ್ಲಿ ತಿರುಗುತ್ತಿದ್ದರೆ ಬ್ರೇಕಿಗೆ ಉಳಿಯುವುದು ಸೊನ್ನೆ.