ಅಜ್ಜನ ಫೋಟೋದಲ್ಲಿರುವ ಯುದ್ಧಕಾಲದ ಹಡಗಿನ ಜಾಡು ಹಿಡಿಯುವುದು ಹೇಗೆ

ಬಾಗಲಕೋಟೆಯ ನಮ್ಮ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾಗಿ ನಾವು ನವನಗರಕ್ಕೆ ಬಂದಾಗ, ಜೊತೆಗೆ ಬಂದ ಕಬ್ಬಿಣದ ಟ್ರಂಕಿನಲ್ಲಿ ಅಜ್ಜನ ಒಂದು ಫೋಟೋ ಇತ್ತು. ಮುಂಬಯಿಯ ಗೋದಿಯಲ್ಲಿ, ಅಂದರೆ ಹಡಗುಗಳು ಸರಕು ಇಳಿಸುವ ಡಾಕ್‌ನಲ್ಲಿ, ಅಜ್ಜ ಕೈಕಟ್ಟಿ ನಿಂತಿದ್ದಾರೆ. ಹಿಂದೆ ಒಂದು ಸರಕು ಹಡಗು ಅಡ್ಡಲಾಗಿ ನಿಂತಿದೆ. ಫೋಟೋದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ 1949 ಎಂದು ಬರೆದಿದೆ. ಹಡಗಿನ ಹೆಸರಿರುವ ಮೂಲೆಯನ್ನು ಗೆದ್ದಲು ತಿಂದಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆಯಿಂದ ಮುಂಬಯಿಗೆ ದುಡಿಯಲು ಹೋದವರ ಮನೆಗಳಲ್ಲಿ ಇಂಥ ಫೋಟೋಗಳು ಇನ್ನೂ ಇರಬಹುದೆಂಬ ನಂಬಿಕೆಯಿಂದ, ನಾನು ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಗೊತ್ತಿದ್ದರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಯುದ್ಧಕಾಲದಲ್ಲಿ ಕಟ್ಟಿದ ಸರಕು ಹಡಗುಗಳು ಯುದ್ಧ ಮುಗಿದೊಡನೆ ಮಾರಾಟವಾದವು. ಅಮೆರಿಕ ಇದಕ್ಕಾಗಿಯೇ 1946ರಲ್ಲಿ ಒಂದು ಕಾಯ್ದೆ ಮಾಡಿತು. ಗ್ರೀಸ್, ಇಟಲಿ, ನಾರ್ವೆ, ಫ್ರಾನ್ಸ್ ದೇಶಗಳ ಕಂಪನಿಗಳು ಅವನ್ನು ಕೊಂಡವು, ಮತ್ತೆ ಮಾರಿದವು, ಪನಾಮಾ ಅಥವಾ ಲೈಬೀರಿಯಾದ ಬಾವುಟ ಏರಿಸಿದವು, ಪ್ರತಿ ಸಲವೂ ಹೊಸ ಹೆಸರು ಬರೆಸಿದವು. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬಿಕೊಂಡು ಸ್ಫೋಟಿಸಿದ 'ಗ್ರಾಂಕಾಂ' ಎಂಬ ಫ್ರೆಂಚ್ ಹಡಗನ್ನು ಯುದ್ಧಕಾಲದ ಪಟ್ಟಿಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ 1942ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದಾಗ ಅದರ ಹೆಸರು 'ಬೆಂಜಮಿನ್ ಆರ್. ಕರ್ಟಿಸ್' ಎಂದಿತ್ತು. ಹೆಸರು ಮಾಲೀಕನೊಡನೆ ಬದಲಾಗುತ್ತದೆ. ಹಡಗಿನ ಅಳತೆಯಾಗಲಿ, ಕಟ್ಟಿದ ಕಾರ್ಖಾನೆಯಾಗಲಿ, ಕಟ್ಟಿದ ವರ್ಷವಾಗಲಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಆದ್ದರಿಂದ ಮೊದಲು ಆಕಾರವನ್ನು ಓದಬೇಕು. ಫೋಟೋವನ್ನು ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದರೆ ಸಾಲದು. ಸ್ಟುಡಿಯೋದವರ ಬಳಿ ಒಯ್ದು 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಹೊಗೆಕೊಳವೆ, ಬ್ರಿಡ್ಜ್ (ಹಡಗು ನಡೆಸುವ ಕೋಣೆ), ಸಿಬ್ಬಂದಿಯ ಕೋಣೆ ಎಲ್ಲವೂ ನಡುವಿನ ಒಂದೇ ಕಟ್ಟಡದಲ್ಲಿ ಒತ್ತಾಗಿ ಕೂಡಿದ್ದು, ಮೂತಿಯಿಂದ ಹಿಂಬದಿಯವರೆಗೆ ಡೆಕ್ ಒಂದೇ ಸಮನೆ ಸಾಗಿದ್ದರೆ ಅದು ಬಹುಮಟ್ಟಿಗೆ 'ಲಿಬರ್ಟಿ' ಹಡಗು. 1941ರಿಂದ 1945ರ ನಡುವೆ ಅಮೆರಿಕದ 18 ಹಡಗು ಕಾರ್ಖಾನೆಗಳು ಇಂಥ 2,700ಕ್ಕೂ ಹೆಚ್ಚು ಹಡಗುಗಳನ್ನು ಕಟ್ಟಿದವು; ಅವುಗಳಲ್ಲೊಂದಾದ 'ರಾಬರ್ಟ್ ಇ. ಪಿಯರಿ'ಯನ್ನು 1942ರ ನವೆಂಬರಿನಲ್ಲಿ ಐದು ದಿನವೂ ತುಂಬುವ ಮೊದಲೇ ನೀರಿಗಿಳಿಸಿದರು. ನಮ್ಮಲ್ಲಿ ಒಂದು ಮನೆಯ ಪಾಯ ಹಾಕಲೂ ಅಷ್ಟು ದಿನ ಸಾಲುವುದಿಲ್ಲ. ಮೂತಿಯ ಬಳಿ ಡೆಕ್ ಒಂದು ಹಂತ ಮೇಲೇರಿದ್ದರೆ ಅದು 1944ರಿಂದ ಕಟ್ಟಿದ 'ವಿಕ್ಟರಿ' ಇರಬಹುದು. ಲಿಬರ್ಟಿಯ ಹಬೆ ಎಂಜಿನ್ 11 ನಾಟ್ (ಗಂಟೆಗೆ ಸುಮಾರು 20 ಕಿಲೋಮೀಟರ್) ವೇಗ ಕೊಟ್ಟರೆ, ಟರ್ಬೈನ್ ಇದ್ದ ವಿಕ್ಟರಿ 15ರಿಂದ 17 ನಾಟ್ ಓಡುತ್ತಿತ್ತು; ಅದಕ್ಕೇ ಯುದ್ಧದ ನಂತರ ನಿಗದಿತ ವೇಳಾಪಟ್ಟಿಯ ಕಂಪನಿಗಳು ವಿಕ್ಟರಿಗೆ ಮುಗಿಬಿದ್ದವು, ಸಿಕ್ಕ ಬಂದರಿನಿಂದ ಸಿಕ್ಕ ಸರಕು ಹೊರುವವರು ಲಿಬರ್ಟಿಗೆ ತೃಪ್ತರಾದರು.

ನಾನು ಎಡವಿದ್ದು ಮೂರನೆಯ ಬಗೆಯಲ್ಲಿ. ಒಂದು ವರ್ಷ ನಮ್ಮ ಫೋಟೋದ ಹಡಗನ್ನು ಲಿಬರ್ಟಿ ಎಂದೇ ನಂಬಿದ್ದೆ. ಸ್ಕ್ಯಾನ್ ಮಾಡಿಸಿದ ಮೇಲೆ ನೋಡಿದರೆ, ಅಜ್ಜನ ಟೊಪ್ಪಿಗೆಯ ಸರಿಯಾಗಿ ಮೇಲ್ಗಡೆ, ಬ್ರಿಡ್ಜ್‌ಗೂ ಹೊಗೆಕೊಳವೆಗೂ ನಡುವೆ ಆಕಾಶ ಕಾಣುತ್ತಿತ್ತು. ಆ ಸಂದಿನಲ್ಲಿ ಸರಕು ಇಳಿಸುವ ಹ್ಯಾಚ್, ಅಂದರೆ ಡೆಕ್ಕಿನ ಬಾಗಿಲು, ಇರುತ್ತದೆ. ಇದು ಬ್ರಿಟಿಷ್ ನಕ್ಷೆಯ ಹಡಗುಗಳ ಗುರುತು: ಬ್ರಿಟನ್ನಿಗಾಗಿ ಅಮೆರಿಕದಲ್ಲಿ ಕಟ್ಟಿದ 60 'ಓಷನ್' ಹಡಗುಗಳು ಮತ್ತು ಕೆನಡಾದಲ್ಲಿ ಕಟ್ಟಿದ 300ಕ್ಕೂ ಹೆಚ್ಚು 'ಫೋರ್ಟ್' ಹಾಗೂ 'ಪಾರ್ಕ್' ಹಡಗುಗಳು ಈ ಗುಂಪಿಗೆ ಸೇರುತ್ತವೆ.

ಆಕಾರದಿಂದ ಬಗೆ ತಿಳಿದ ಮೇಲೆ ಲಾಯ್ಡ್ಸ್ ರಿಜಿಸ್ಟರ್, ಅಂದರೆ ಹಡಗುಗಳ ವಿವರ ಕೊಡುವ ವಾರ್ಷಿಕ ಪಟ್ಟಿ, ತೆರೆಯಬೇಕು. 1930ರಿಂದ 1945ರವರೆಗಿನ ಸಂಪುಟಗಳ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಣ್ಣಕ್ಷರದ ಆ ಸಾಲುಗಳು ಮೊದಲಿಗೆ ತಲೆನೋವು ತರಿಸುತ್ತವೆ, ಆದರೆ ನೋಡಬೇಕಾದದ್ದು ಕೆಲವೇ ಕಾಲಮ್ಮುಗಳು: ಅಧಿಕೃತ ಸಂಖ್ಯೆ (ಹಡಗಿನ ನೋಂದಣಿ ಸಂಖ್ಯೆ), ಟನ್ನೇಜು (ಹಡಗಿನ ಒಳಗಾತ್ರ), ಅಳತೆ, ಕಟ್ಟಿದವರು, ಕಟ್ಟಿದ ವರ್ಷ, ಮತ್ತು ಹೆಸರಿನ ಕೆಳಗೆ ಕೊಟ್ಟಿರುವ ಹಳೆಯ ಹೆಸರುಗಳು. ಒಟ್ಟು ಟನ್ನೇಜು 7,176ರ ಆಸುಪಾಸಿನಲ್ಲಿದ್ದು ಉದ್ದ 422.8 ಅಡಿ, ಅಗಲ 57 ಅಡಿ ಎಂದಿದ್ದರೆ ಅದು ಲಿಬರ್ಟಿ. ಬೇರೆ ಕಡೆ 441 ಅಡಿ ಎಂದು ಓದಿದವರು ಗಾಬರಿಯಾಗಬೇಕಿಲ್ಲ. ಅದು ತುದಿಯಿಂದ ತುದಿಗೆ ಅಳೆದ ಉದ್ದ, ರಿಜಿಸ್ಟರ್‌ನ ಅಳತೆಯ ಕ್ರಮವೇ ಬೇರೆ. ಯುದ್ಧಾನಂತರದ ಹೆಸರಷ್ಟೇ ಗೊತ್ತಿದ್ದವರು 1945ರ ನಂತರದ ಸಂಪುಟದಿಂದ ಹಳೆಯ ಹೆಸರು ಹಿಡಿದು ಹಿಂದಕ್ಕೆ ಬರಬೇಕಾಗುತ್ತದೆ. ಅಮೆರಿಕದಲ್ಲಿ ಕಟ್ಟಿದ ಹಡಗಾದರೆ ಅಲ್ಲಿನ ಮಾರಿಟೈಮ್ ಅಡ್ಮಿನಿಸ್ಟ್ರೇಷನ್ ಇಟ್ಟಿರುವ ಹಡಗು ಚರಿತ್ರೆಯ ದಾಖಲೆಗಳನ್ನೂ ನೋಡಿ. ಈಗ ಹಡಗುಗಳಿಗೆ ಕೊಡುವ ಏಳು ಅಂಕಿಯ ಐಎಂಒ ಗುರುತು ಸಂಖ್ಯೆಯನ್ನು ಮಾತ್ರ ನೆಚ್ಚಬೇಡಿ, ಅದಕ್ಕೆ ಮೂಲವಾದ ಲಾಯ್ಡ್ಸ್ ರಿಜಿಸ್ಟರ್ ಸಂಖ್ಯೆಗಳು ಶುರುವಾದದ್ದೇ 1960ರ ದಶಕದಲ್ಲಿ. ಅಷ್ಟರೊಳಗೆ ಗುಜರಿಗೆ ಹೋದ ಹಡಗಿಗೆ ಅದು ಇರುವುದಿಲ್ಲ.

ನಿಮ್ಮ ಹಿರಿಯರು ಹಡಗಿನಲ್ಲೇ ದುಡಿದವರಾಗಿದ್ದರೆ ಅವರ ಡಿಸ್ಚಾರ್ಜ್ ಪುಸ್ತಕ (ಯಾವ ಯಾವ ಹಡಗಿನಲ್ಲಿ ದುಡಿದರೆಂಬ ದಾಖಲೆ) ಸಿಕ್ಕೀತೇ ಎಂದು ನೋಡಿ. ಬ್ರಿಟಿಷ್ ಕಾಲದ ಆ ಪುಸ್ತಕಗಳಲ್ಲಿ ಹಡಗಿನ ಹೆಸರಿನ ಜೊತೆಗೇ ಅಧಿಕೃತ ಸಂಖ್ಯೆಯನ್ನೂ ಬರೆಯುತ್ತಿದ್ದರು, ಆ ಒಂದು ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಭಾರತೀಯ ಹಡಗಾದರೆ ಹೆಸರಿನ ಮೊದಲ ಭಾಗವೂ ಸುಳಿವು ಕೊಡುತ್ತದೆ: 'ಜಲ' ಎಂದು ಶುರುವಾದರೆ ಸಿಂಧಿಯಾ ಕಂಪನಿಯದು. ನಮ್ಮ ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು 1919ರಲ್ಲಿ ಸಂಗಡಿಗರೊಡನೆ ಕಟ್ಟಿದ ಕಂಪನಿ ಅದು. ಕಪ್ಪು ಬಿಳುಪು ಫೋಟೋದಲ್ಲೂ ಹೊಗೆಕೊಳವೆಯ ಪಟ್ಟೆಗಳು ಕಾಣುತ್ತವೆ, ಅವು ಮಾಲೀಕರ ಗುರುತು. ಯುದ್ಧದ ದಿನಗಳ ಫೋಟೋ ಆದರೆ ಎಲ್ಲವೂ ಬೂದುಬಣ್ಣವಾಗಿದ್ದು, ಮೂತಿ ಮತ್ತು ಹಿಂಬದಿಯಲ್ಲಿ ತೋಪು ಕೂರಿಸುವ ದುಂಡು ಕಟ್ಟೆಗಳಿರುತ್ತವೆ.

ಮನೆಯವರ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಿ, ಆದರೆ ತಾರೀಖಿಗೆ ಹಚ್ಚಿ ನೋಡಿ. "ಮುಂಬಯ್ಯಾಗ ಸಿಡದು ಸುಟ್ಟ ಹೋತಲ್ಲ, ಅದ ಹಡಗ ಅದು, ನಿಮ್ಮಜ್ಜ ಹೇಳತಿದ್ರು" ಎಂದು ನಮ್ಮ ಸೋದರತ್ತೆ ಇಂದಿಗೂ ಹೇಳುತ್ತಾರೆ. ಅವರು ಹೇಳುವುದು 'ಫೋರ್ಟ್ ಸ್ಟಿಕಿನ್' ಹಡಗಿನ ಮಾತು. ಕೆನಡಾದ ಪ್ರಿನ್ಸ್ ರೂಪರ್ಟ್‌ನಲ್ಲಿ 1942ರಲ್ಲಿ ಕಟ್ಟಿದ, 7,142 ಟನ್ನಿನ ಆ ಹಡಗು ಹತ್ತಿಯ ಅಂಡಿಗೆ, ಸುಮಾರು 1,400 ಟನ್ ಸ್ಫೋಟಕ ಮತ್ತು ಚಿನ್ನದ ಗಟ್ಟಿಗಳನ್ನು ಹೊತ್ತು ಬಂದು, 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಬೆಂಕಿ ಹತ್ತಿ ಸಿಡಿಯಿತು. ಆ ಸ್ಫೋಟದ ಕಂಪನ ಶಿಮ್ಲಾದ ಭೂಕಂಪಮಾಪಕದಲ್ಲಿ ದಾಖಲಾಯಿತು. ಇಂದಿಗೂ ದೇಶದಲ್ಲಿ ಅಗ್ನಿಶಾಮಕ ಸಪ್ತಾಹ ಆ ದಿನದಿಂದ ಶುರುವಾಗುತ್ತದೆ. 1944ರಲ್ಲಿ ಇಲ್ಲವಾದ ಹಡಗಿನ ಮುಂದೆ ಅಜ್ಜ 1949ರಲ್ಲಿ ನಿಲ್ಲಲು ಸಾಧ್ಯವಿಲ್ಲ. ಆದರೆ ಬ್ರಿಡ್ಜ್‌ಗೂ ಹೊಗೆಕೊಳವೆಗೂ ನಡುವಿನ ಆ ಸಂದು ಎರಡರಲ್ಲೂ ಒಂದೇ. ಸಿಡಿದ ಹಡಗನ್ನು ಕಂಡಿದ್ದ ಅಜ್ಜ ಐದು ವರ್ಷದ ಮೇಲೆ ಅದೇ ಅಚ್ಚಿನ ಇನ್ನೊಂದರ ಮುಂದೆ ಫೋಟೋ ತೆಗೆಸಿಕೊಂಡು, ಮನೆಯವರಿಗೆ "ಇಂಥಾ ಹಡಗ" ಎಂದು ಹೇಳಿರಬೇಕು. ಈಗ ನಾನು ಫೋರ್ಟ್ ಹಡಗುಗಳ ಪಟ್ಟಿಯಲ್ಲಿ 1949ರಲ್ಲಿ ಇನ್ನೂ ಓಡುತ್ತಿದ್ದವನ್ನಷ್ಟೇ ಉಳಿಸಿಕೊಂಡು, ಹೊಗೆಕೊಳವೆಯ ಎರಡು ಬಿಳಿ ಪಟ್ಟೆಗಳಿಗೆ ಹೊಂದುವ ಮಾಲೀಕರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೇನೆ.