ಲೇಸರ್ ಮೆಷಿನ್‌ಗೆ ದಾಲ್ ಮಿಲ್ಲಿನ ಬ್ಲೋವರ್: ನನ್ನ ಅನುಭವ

ಲೇಸರ್ ಕಟಿಂಗ್ ಮೆಷಿನ್ನಿನ ಹೊಗೆ ಎಳೆಯಲು ದಾಲ್ ಮಿಲ್ಲಿನ ಬ್ಲೋವರ್ ಹಾಕಿ ಎರಡು ಬೇಸಿಗೆ ಕಳೆದವು. ಲೇಸರ್ ಹುಟ್ಟುವ ಗಾಜಿನ ಟ್ಯೂಬ್ ಅದೇ ಇದೆ. ಕಣ್ಣುರಿ ಇಲ್ಲ, ಪಕ್ಕದ ಶೆಡ್‌ನವರ ತಕರಾರೂ ಇಲ್ಲ. ಆಗಲ್ಲ ಅಂದವರೇ ಈಗ ಬಂದು ಟೇಪ್ ಹಿಡಿದು ಅಳತೆ ತಗೊಂಡು ಹೋಗುತ್ತಿದ್ದಾರೆ. ಹಾಗಾಗಿ ಒಮ್ಮೆ ಬರೆದು ಮುಗಿಸೋಣ ಅಂತ.

ಮೆಷಿನ್ 80 ವ್ಯಾಟ್ ಸಿಒಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದ ಲೇಸರ್. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ತಗಡಿನ ಶೆಡ್. ಅಕ್ರಿಲಿಕ್ ನಾಮಫಲಕ, ಎಂಡಿಎಫ್ (ಮರದ ನಾರು ಅಂಟಿನಲ್ಲಿ ಒತ್ತಿದ ಹಲಗೆ) ಶೀಲ್ಡ್, ಮದುವೆ ಸೀಸನ್‌ನಲ್ಲಿ ಹೆಸರಿನ ಬೋರ್ಡು, ನಿಮ್ಮದೂ ಇದೇ ಕೆಲಸ ಅಲ್ವಾ.

ದೊಡ್ಡ ತಲೆನೋವು ಹೊಗೆ. ಮೆಷಿನ್ ಜೊತೆ ಬಂದ ಫ್ಯಾನ್ ಹಿಂಬದಿಯಲ್ಲೇ ಕೂತು ಪೈಪಿನೊಳಗೆ ಹೊಗೆ ದಬ್ಬುತ್ತಿತ್ತು. ಜಾಯಿಂಟ್ ಇದ್ದಲ್ಲೆಲ್ಲ ಸೋರಿಕೆ. ಎಂಡಿಎಫ್ ಕತ್ತರಿಸಿದ ದಿನ ಗಂಟಲು ಕೆರೆತ. ಫ್ಯಾನ್ ಬದಲಿಸಿದೆ, ಮತ್ತೆ ಬದಲಿಸಿದೆ, ಒಂಬತ್ತು ಸಾವಿರದಷ್ಟು ಹೋಯಿತು. ಕೊನೆಗೆ ಫ್ಯಾನನ್ನೇ ಗೋಡೆಯ ಹೊರಗೆ, ಪೈಪಿನ ತುದಿಗೆ ಹಾಕಿದೆ. ಆಗ ಒಳಗಿನ ಪೈಪೆಲ್ಲ ಎಳೆತದಲ್ಲಿ ಇರುತ್ತದೆ. ಜಾಯಿಂಟ್ ಬಿಟ್ಟುಕೊಂಡರೂ ಶೆಡ್ಡಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರಲ್ಲ.

ಅಷ್ಟು ಜೋರಾಗಿ ಎಳೆಯುವ ಬ್ಲೋವರ್ ಹೊಸದು ತಂದರೆ ದುಬಾರಿ. ಆದರೆ ನಮ್ಮೂರಲ್ಲಿ ದಾಲ್ ಮಿಲ್ಲಿಗೆ ಬರವೇ? ತೊಗರಿ ಹೊಟ್ಟು ಎಳೆಯುವ ಹಳೇ ಬ್ಲೋವರ್, 1 ಎಚ್‌ಪಿ, ಗುಜರಿಯಲ್ಲಿ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಬೇರಿಂಗ್, ವೈಂಡಿಂಗ್ ಸೇರಿ ಮತ್ತೆರಡು ಸಾವಿರ. ಎದುರಿನ ವೆಲ್ಡಿಂಗ್ ಕಾಕಾ ನೋಡಿ, "ಏನಪಾ, ತೊಗರಿ ತೂರ್ಲಾಕ ಹತ್ತಿದಿ ಏನು?" ಅಂದರು. ಮೆಷಿನ್ ಕೊಟ್ಟವರ ಮೆಕ್ಯಾನಿಕ್ ಕೂಡ ತೆಳು ಶೀಟ್ ಹಾರಿ ಹೋಗುತ್ತವೆ ಅಂದ. ಹಾರಿದವು ನಿಜ, ಲಗ್ನಪತ್ರಿಕೆಯ ಒಂದು ಬ್ಯಾಚ್ ಪೂರ್ತಿ. ಪೈಪಿನಲ್ಲಿ ತಿರುಗಿಸುವ ತಗಡಿನ ಮುಚ್ಚಳ ಕೂರಿಸಿದೆ, ಸರಿಹೋಯಿತು. ಯಾವ ಮಾಲಿಗೆ ಎಷ್ಟು ತೆರೆಯಬೇಕು ಅನ್ನೋದು ಗೋಡೆ ಮೇಲೆ ಚಾಕ್‌ನಲ್ಲಿ ಬರೆದಿದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಇನ್ನು ನೀರು. ಮೊದಲ ಟ್ಯೂಬ್ ಒಡೆದದ್ದು ಮೇ ತಿಂಗಳಲ್ಲಿ, ಕರೆಂಟ್ ಹೋದಾಗ. ಮೆಷಿನ್ ಇನ್‌ವರ್ಟರ್ ಮೇಲೆ, ಟ್ಯೂಬಿಗೆ ತಣ್ಣೀರು ಹರಿಸುವ ಚಿಲ್ಲರ್ ಮೇನ್ಸ್ ಮೇಲೆ. ಜೊತೆಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ, ನೀರು ನಿಂತರೆ ಲೇಸರ್ ನಿಲ್ಲಿಸಬೇಕಾದ ಫ್ಲೋ ಸ್ವಿಚ್ ಅಂಟಿಕೊಂಡಿತ್ತು. ನೀರು ನಿಂತರೂ ಲೇಸರ್ ನಿಲ್ಲಲಿಲ್ಲ. ಸುಮಾರು ಮೂವತ್ತು ಸಾವಿರ, ಟಪ್ ಅಂತ ಒಂದೇ ಸದ್ದಿಗೆ. ಹೊರಗೆ 43 ಡಿಗ್ರಿ ಇರುವ ಊರಲ್ಲಿ ಬರೀ ರೇಡಿಯೇಟರ್ ಇರುವ ಚಿಲ್ಲರ್ ಏನೂ ಮಾಡಲ್ಲ. ಅದು ಗಾಳಿಗಿಂತ ತಣ್ಣಗೆ ಮಾಡಲಾರದು. ಕಂಪ್ರೆಸರ್ ಇರುವುದೇ ಬೇಕು, ನನಗೆ ನಲವತ್ತು ಸಾವಿರ ಚಿಲ್ಲರೆ ಆಯಿತು. ನೀರು 20–22 ಡಿಗ್ರಿಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಸ್ವಲ್ಪ ಏರಿಸುತ್ತೇನೆ, ಇಲ್ಲದಿದ್ದರೆ ಟ್ಯೂಬ್ ಬೆವರುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕಲ್ಲ.

ಆಮೇಲೆ ಫ್ಲೋ ಸ್ವಿಚ್, ಮುಚ್ಚಳದ ಸ್ವಿಚ್, ಬ್ಲೋವರ್ ಗಾಳಿಗೆ ಅಲ್ಲಾಡುವ ಒಂದು ರೆಕ್ಕೆ ಸ್ವಿಚ್, ಮೂರನ್ನೂ ಸೀರೀಸ್‌ನಲ್ಲಿ ಜೋಡಿಸಿ ಪವರ್ ಸಪ್ಲೈನ ಪ್ರೊಟೆಕ್ಷನ್ ಟರ್ಮಿನಲ್‌ಗೆ ಕೊಟ್ಟೆ. ಒಂದು ಬಿಟ್ಟುಕೊಂಡರೂ ಲೇಸರ್ ಹೊಡೆಯಲ್ಲ. ಸ್ವಿಚ್ಚು, ವೈರು ಎಲ್ಲ ಸೇರಿ ಸಾವಿರದೈನೂರು ಆಗಿರಬಹುದು. "ಇಷ್ಟೆಲ್ಲ ಕಟ್ಟಿಕೊಂಡರೆ ಕೆಲಸ ಯಾವಾಗ ಮಾಡ್ತಿ?" ಅಂದರು ನೋಡಿದವರು. ಬೇರೆಯವರಿಗಿಂತ ಜಾಸ್ತಿನೇ ಮಾಡುತ್ತಿದ್ದೇನೆ. ಅರ್ಥಿಂಗ್ ಕೂಡ ನೋಡಿಕೊಳ್ಳಿ. ನಮ್ಮ ಕರಿಮಣ್ಣು ಬೇಸಿಗೆಗೆ ಬಿರಿದು ಅರ್ಥಿಂಗ್ ಪೈಪಿನ ಸುತ್ತ ಸಂದಿ ಬೀಳುತ್ತದೆ. ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿಸುತ್ತೇನೆ. ಟ್ಯೂಬಿನ ತುದಿಯಲ್ಲಿ ಇಪ್ಪತ್ತು ಸಾವಿರ ವೋಲ್ಟ್ ಇರುವಾಗ ಅದರಲ್ಲಿ ಜಿಪುಣತನ ಬೇಡ.

ಸನ್‌ಬೋರ್ಡ್ ಹಿಡಿದು ಬರುವ ಗಿರಾಕಿಗಳಿಗೆ ಕೈ ಮುಗಿದು ಕಳಿಸುತ್ತೇನೆ. ಅದು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಪುಪ್ಪುಸಕ್ಕೂ ಕೆಟ್ಟದ್ದು, ಲೆನ್ಸು ಹಾಳು, ಮೆಷಿನ್ನಿನ ತಲೆ ಓಡುವ ಹಳಿ ಎಲ್ಲ ತುಕ್ಕು. ರೆಕ್ಸಿನ್ ಕೂಡ ಬಹುತೇಕ ಅದೇ ಜಾತಿ. ಗುರುತು ಸಿಗದ ಮಾಲಿಗೆ ಬಯಲಲ್ಲಿ ತಾಮ್ರದ ತಂತಿ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್‌ಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯುತ್ತೇನೆ. ಹಸಿರು ಬೆಂಕಿ ಬಂತೋ, ವಾಪಸ್.

ಬೆಂಕಿಗೆ ಸಿಒಟು ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಪೌಡರ್ ಹೊಡೆದರೆ ಬೆಂಕಿ ಆರುತ್ತದೆ, ಮೆಷಿನ್ನೂ ಹಾಳಾಗುತ್ತದೆ. ಅಕ್ರಿಲಿಕ್ ಓಡುವಾಗ ಚಹಾಕ್ಕೆ ಹೋಗುವ ಹಾಗಿಲ್ಲ, ಹುಡುಗರಿಗೆ ಇದೊಂದೇ ಕಾನೂನು.

ನಡುವೆ ಶಹಾಬಾದ್ ಕಲ್ಲಿನ ಮೇಲೂ ಹೆಸರು ಕೆತ್ತಿ ನೋಡಿದೆ. ಗುರುತು ಮಸುಕು. ಕಪ್ಪು ಬಣ್ಣ ತುಂಬಿದ ಮೇಲೆ ಪರವಾಗಿಲ್ಲ ಅನಿಸಿತು, ನಾಲ್ಕಾರು ಮಾರಿದೆ. ಬೀದರ್‌ನ ಗೆಳೆಯನ ಫೈಬರ್ ಮೆಷಿನ್‌ನಲ್ಲಿ (ಲೋಹಕ್ಕೆ ಬಳಸುವ ಬೇರೆ ಬಗೆಯ ಲೇಸರ್) ಬಿದ್ರಿ ಪ್ಲೇಟಿಗೂ ಕೈ ಹಾಕಿದೆವು. ಕೆತ್ತನೆ ಬಂತು, ಆದರೆ ಕೈಕೆಲಸದ ಮುಂದೆ ಅದು ಸಪ್ಪೆ. ಬಿದ್ರಿಯಲ್ಲಿ ಸತುವೇ ಜಾಸ್ತಿ, ಅದರ ಹೊಗೆ ಉಸಿರಿಗೆ ಹೋದರೆ ಜ್ವರ ಬರುತ್ತದೆ. ಇನ್ನೊಂದು ವಿಷಯ: ನಮ್ಮ ಸಿಒಟು ಬೆಳಕನ್ನು ಅಕ್ರಿಲಿಕ್ ಮುಚ್ಚಳ ತಡೆಯುತ್ತದೆ, ಫೈಬರ್‌ನದು ಸಾದಾ ಅಕ್ರಿಲಿಕ್ ದಾಟಿ ಸೀದಾ ಕಣ್ಣಿಗೆ. ಅಲ್ಲಿ ಫೈಬರ್ ಲೇಸರಿನ 1064 ನ್ಯಾನೋಮೀಟರ್ ಬೆಳಕು ತಡೆಯುವ ಕನ್ನಡಕವೇ ಬೇಕು.

ಬ್ಲೋವರ್ ಹಾಕುವವರಿಗೆ: ಎಂಡಿಎಫ್ ಅಂಟು ರೆಕ್ಕೆಗೆ ಕಟ್ಟುತ್ತದೆ. ಸದ್ದು ಬದಲಾಗಿ ಗಡಗಡ ಅಂದರೆ ಮೇನ್ಸ್ ತೆಗೆದು, ಬಿಚ್ಚಿ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಉಜ್ಜಿ. ನಾನು ತಿಂಗಳಿಗೊಮ್ಮೆ ಉಜ್ಜಿಸುತ್ತೇನೆ, ಮದುವೆ ಸೀಸನ್‌ನಲ್ಲಿ ವಾರಕ್ಕೊಮ್ಮೆ.