ಮನೆಗೆ ಹೋಗುವ ಚೀಟಿ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಒಳಗಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಒಂದರಿಂದ ಏಳರವರೆಗೆ 41 ಮಕ್ಕಳು, ಮೂವರು ಶಿಕ್ಷಕರು. ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಇದೆ, ಹಾಗಾಗಿ ಪ್ರಭಾರ ನನ್ನ ತಲೆಗೆ. ಪ್ರಭಾರ ಅಂದರೆ ಪಾಠದ ಜೊತೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಟ್ರಿ (ಮಕ್ಕಳ ವಿವರವನ್ನು ಸರ್ಕಾರದ ಆನ್‌ಲೈನ್ ದಾಖಲೆಗೆ ತುಂಬುವುದು), ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯ ಸಭೆ, ಮತ್ತೆ ಮನೆಗಳಿಗೆ ಸುದ್ದಿ ಮುಟ್ಟಿಸುವ ಕೆಲಸ. ಉಳಿದದ್ದೆಲ್ಲ ಹೇಗೋ ಕಲಿತೆ. ಈ ಕೊನೆಯದನ್ನು ಕಲಿಯಲು ಎರಡು ವರ್ಷ ಬೇಕಾಯಿತು.

ಮೊದಲ ಜೂನ್‌ನಲ್ಲಿ ಬರೆದ ನೋಟಿಸ್ ಇನ್ನೂ ಬಾಯಿಪಾಠ ಇದೆ. "ಈ ಮೂಲಕ ಸಮಸ್ತ ಪೋಷಕರಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಮಕ್ಕಳಿಗೆ ಸಂಬಂಧಿಸಿದ ದಾಖಲೆಗಳನ್ನು ಕಡ್ಡಾಯವಾಗಿ ಸಲ್ಲಿಸತಕ್ಕದ್ದು." ಕೆಳಗೆ ಸೀಲು, ಸಹಿ. ಜೆರಾಕ್ಸ್ ಮಾಡಿಸಿ ಮಕ್ಕಳ ಕೈಯಲ್ಲಿ ಕಳಿಸಿದೆ. ಆರು ಮನೆಯವರು ದಾಖಲೆ ತಂದರು. ಮೂರನೇ ದಿನ ಒಬ್ಬ ಅಜ್ಜಿ ಆ ಕಾಗದವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದರು. "ಟೀಚರೇ, ಇದು ಕೋರ್ಟಿಂದ ಬಂದಿದ್ದಾ? ಮಗ ಊರಲ್ಲಿಲ್ಲ. ಸೀಲು ನೋಡಿ ರಾತ್ರಿ ನಿದ್ದೆ ಬರ್ಲಿಲ್ಲ" ಅಂದರು.

ಅವರ ಮೊಮ್ಮಗಳು ಆಗ ನಾಲ್ಕನೇ ಕ್ಲಾಸು. "ನೀನ್ಯಾಕೆ ಓದಿ ಹೇಳಲಿಲ್ಲ ಪುಟ್ಟಾ?" ಅಂತ ಕೇಳಿದೆ. "ಓದಿದೆ ಟೀಚರ್. ನಂಗೂ ಅರ್ಥ ಆಗ್ಲಿಲ್ಲ" ಅಂದಳು.

ನಮ್ಮ ಚೀಟಿಯನ್ನು ಮನೆಯಲ್ಲಿ ಓದುವವರು ಯಾರು ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಪ್ಪ ಬೆಳಗ್ಗೆ ಏಳಕ್ಕೆ ತೋಟಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಅಮ್ಮನೂ ಹಾಗೇ. ಮನೆಯಲ್ಲಿರುವ ಅಜ್ಜಿಗೆ ಕಣ್ಣು ಮಂಜು, ಇಲ್ಲವೇ ಓದು ಬರುವುದಿಲ್ಲ. ಚೀಟಿ ಓದುವುದು ಮಗು. ಒಲೆ ಮುಂದೆ ಕೂತು, ಗಟ್ಟಿಯಾಗಿ, ಬೆರಳಿಟ್ಟು ಓದುತ್ತದೆ. ಹಾಗಾದರೆ ಆ ಮಗುವಿನ ಬಾಯಿಗೆ ಒಗ್ಗುವ ಹಾಗೆ ಬರೆಯಬೇಕಲ್ವಾ?

ವಾಟ್ಸಾಪ್ ಗ್ರೂಪ್ ಮಾಡಿ ಅಂತ ಎಲ್ಲರೂ ಹೇಳಿದರು. ಮಾಡಿದೆ, ಈಗಲೂ ಇದೆ. ಆದರೆ ಫೋನ್ ಇರುವುದು ಅಪ್ಪನ ಜೇಬಿನಲ್ಲಿ, ಅಪ್ಪ ಇರುವುದು ಸಿಗ್ನಲ್ ಇಲ್ಲದ ತೋಟದಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಚಾರ್ಜೇ ಇರುವುದಿಲ್ಲ. ಗ್ರೂಪಿನಲ್ಲಿ ಬರುವುದೆಲ್ಲ ಗುಡ್ ಮಾರ್ನಿಂಗ್ ಹೂವು.

ಚೀಟಿಯನ್ನು ಉಕ್ತಲೇಖನ ಮಾಡಿದ್ದು ಹೀಗೆ. ತಿಂಗಳಿಗೆ ಎರಡು ಸಲ, ಮಧ್ಯಾಹ್ನದ ಕೊನೆಯ ಪೀರಿಯಡ್. ನಾಲ್ಕರಿಂದ ಏಳನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. ಹೇಗೂ ವಾರಕ್ಕೊಮ್ಮೆ ಉಕ್ತಲೇಖನ ಇದ್ದೇ ಇರುತ್ತದೆ, ಸುಮ್ನೆ "ಆನೆ ಬಂತೊಂದಾನೆ" ಬರೆಸುವ ಬದಲು ಇದು. ಬರೆದ ಮಗುವಿಗೆ ವಿಷಯ ಆಗಲೇ ಗೊತ್ತು, ಕಾಗದ ಕಳೆದರೂ ಬಾಯಲ್ಲಿ ಹೇಳುತ್ತದೆ. ನಲಿ-ಕಲಿಯ ಚಿಕ್ಕವರಿಗೆ, ಅಂದರೆ ಒಂದರಿಂದ ಮೂರರವರಿಗೆ, ಅದೇ ದಾರಿಯಲ್ಲಿ ಮನೆಗೆ ಹೋಗುವ ದೊಡ್ಡವರೊಬ್ಬರು ಇನ್ನೊಂದು ಪ್ರತಿ ಬರೆದುಕೊಡುತ್ತಾರೆ.

ಇನ್ನೊಂದು ಬದಲಾವಣೆಯನ್ನು ಮಕ್ಕಳೇ ತಂದರು. "ನಿಮ್ಮ ಮಗುವಿನ ಲೋಟ" ಅಂತ ನಾನು ಹೇಳಿದರೆ ಒಬ್ಬ ಹುಡುಗ "ನನ್ನ ಲೋಟ" ಅಂತ ಬರೆದಿದ್ದ. ತಿದ್ದಲು ಹೋದವಳು ನಿಂತೆ. ಅವನೇ ತಾನೇ ಓದುವವನು? ಅವತ್ತಿನಿಂದ ಚೀಟಿ ಮಗುವಿನ ಮಾತಿನಲ್ಲೇ ಹೋಗುತ್ತದೆ. ಈ ವರ್ಷದ ಜೂನ್ ಮೊದಲ ವಾರದ್ದು ಹೀಗಿತ್ತು:

"ಅಮ್ಮ, ಅಪ್ಪ, ಅಜ್ಜಿ, ಅಜ್ಜ, ಸ್ಕೂಲು ಶುರುವಾಯಿತು. ಪುಸ್ತಕ ಕೊಟ್ಟಿದ್ದಾರೆ, ಅದಕ್ಕೆ ದುಡ್ಡಿಲ್ಲ. ಯೂನಿಫಾರ್ಮ್ ಬಟ್ಟೆ ಕೊಡುವ ದಿನ ಹೇಳುತ್ತಾರೆ, ಅಲ್ಲಿಯವರೆಗೆ ಹಳೇದೇ ಸಾಕು. ನನ್ನ ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಹಾಲು ಕುಡಿಯಲು ಒಂದು ಲೋಟ ಕೊಡಿ, ಅದರ ಮೇಲೆ ನನ್ನ ಹೆಸರು ಇರಲಿ. ಈ ವಾರ ಕಾಗದದ ಕೆಲಸ ಒಂದೇ. ಗುರುವಾರದೊಳಗೆ ಆಧಾರ್ ಕಾರ್ಡಿನ ಜೆರಾಕ್ಸ್ ಕಳಿಸಿ. ಜೆರಾಕ್ಸ್ ಇಲ್ಲದಿದ್ದರೆ ಕಾರ್ಡೇ ಕೊಡಿ. ಟೀಚರ್ ಫೋಟೋ ತೆಗೆದು ಸಂಜೆ ವಾಪಸ್ ಕೊಡುತ್ತಾರೆ."

ಒಂದು ಚೀಟಿಯಲ್ಲಿ ಒಂದೇ ಕಾಗದ ಕೇಳುವುದು. ಇದು ನಾನು ಬಿಡದ ನಿಯಮ. ಮೊದಲು ಆಧಾರ್, ಜಾತಿ ಪತ್ರ, ಆದಾಯ ಪತ್ರ, ಪಾಸ್‌ಬುಕ್ ಎಲ್ಲ ಒಟ್ಟಿಗೆ ಕೇಳುತ್ತಿದ್ದೆ. ನಾಲ್ಕರಲ್ಲಿ ಒಂದಿಲ್ಲ ಅಂತ ನಾಲ್ಕನ್ನೂ ತರುತ್ತಿರಲಿಲ್ಲ. ಈಗ ಜೂನ್‌ನಲ್ಲಿ ಆಧಾರ್, ಜುಲೈನಲ್ಲಿ ಜಾತಿ-ಆದಾಯ ಪತ್ರ, ಆಮೇಲೆ ಪಾಸ್‌ಬುಕ್. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ "ಹಳೇ ಪತ್ರ ಮನೆಯಲ್ಲಿದ್ದರೆ ಮೊದಲು ಟೀಚರಿಗೆ ತೋರಿಸಿ, ಹೊಸದು ಬೇಡದೆ ಇರಬಹುದು" ಅಂತ ಸೇರಿಸುತ್ತೇನೆ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾಗುವುದು ಅದರಲ್ಲಿರುವ ಆರ್‌ಡಿ ನಂಬರ್, ಅಂದರೆ ಆ ಪತ್ರದ ಗುರುತಿನ ಸಂಖ್ಯೆ. ಎಷ್ಟೋ ಮನೆಗಳಲ್ಲಿ ಪತ್ರ ಅಕ್ಕಿ ಡಬ್ಬದ ಕೆಳಗೆ ಇರುತ್ತದೆ, ಇದೆ ಅನ್ನುವುದೇ ಮರೆತಿರುತ್ತದೆ.

ತಪ್ಪುಗಳೂ ಆದವು. ಒಂದು ಸಲ ಐದನೇ ಕ್ಲಾಸಿನ ಹುಡುಗಿ "ಆಧಾರ್ ಕಾರ್ಡ್" ಅನ್ನುವುದನ್ನು "ಆಹಾರ ಕಾರ್ಡ್" ಅಂತ ಬರೆದುಕೊಂಡಿದ್ದಳು. ಆಹಾರ ಅಂದರೆ ಅಕ್ಕಿ ತಾನೇ? ಅವಳ ಅಮ್ಮ ರೇಷನ್ ಕಾರ್ಡ್ ಕಳಿಸಿದರು. ಅವಳ ಚೀಟಿ ನೋಡಿ ಬರೆದ ಪಕ್ಕದ ಎರಡು ಮನೆಯವರೂ ರೇಷನ್ ಕಾರ್ಡೇ ಕಳಿಸಿದರು. ಸೊಸೈಟಿಯಲ್ಲಿ ಅವತ್ತೇ ಅಕ್ಕಿ ಕೊಡುವ ದಿನ. ಮಧ್ಯಾಹ್ನ ಮೂರು ಜನ ಹೆಂಗಸರು ಗೇಟಿನ ಹತ್ತಿರ ನಿಂತಿದ್ದರು, ನಾನು ನಗಲೂ ಆಗದೆ ಕಾರ್ಡ್ ಕೊಟ್ಟು ಕಳಿಸಿದೆ. ಅಂದಿನಿಂದ ತಾರೀಕು, ವಾರ, ಬೇಕಾದ ಕಾಗದದ ಹೆಸರು ಈ ಮೂರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಉಳಿದದ್ದು ಕಿವಿಗೆ. ಬೆಲ್ ಹೊಡೆಯುವ ಮೊದಲು ಜೋಡಿ ಜೋಡಿಯಾಗಿ ಚೀಟಿ ಬದಲಾಯಿಸಿಕೊಂಡು ತಿದ್ದುತ್ತಾರೆ.

ಮಳೆಗಾಲದ ಕಥೆಯೇ ಬೇರೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ನಮ್ಮ ಕಡೆ ಹಳ್ಳ ಯಾವಾಗ ಉಕ್ಕುತ್ತದೆ ಅಂತ ಹೇಳಲಾಗದು. ಜಿಲ್ಲಾಧಿಕಾರಿಗಳ ರಜೆ ಆದೇಶ ಕೆಲವು ಸಲ ರಾತ್ರಿ, ಕೆಲವು ಸಲ ಬೆಳಗ್ಗೆ ಬರುತ್ತದೆ. ಅದೂ ಜಿಲ್ಲೆಗೆಲ್ಲ ಅಲ್ಲ. ಕೊಪ್ಪ, ಶೃಂಗೇರಿ, ಮೂಡಿಗೆರೆ ಇದ್ದರೆ ಕಡೂರು, ತರೀಕೆರೆ ಇರುವುದಿಲ್ಲ. ಒಂದು ಜುಲೈನಲ್ಲಿ ಆದೇಶದ ಫೋಟೋ ಎಲ್ಲರ ಫೋನಿಗೂ ಬಂತು. ನಮ್ಮ ತಾಲ್ಲೂಕಿನ ಹೆಸರಿತ್ತು. ತಾರೀಕು ಸರಿ, ತಿಂಗಳು ಸರಿ, ಇಸವಿ ಮಾತ್ರ ಹಿಂದಿನ ವರ್ಷದ್ದು. ಅರ್ಧಕ್ಕೂ ಜಾಸ್ತಿ ಮಕ್ಕಳು ಬರಲಿಲ್ಲ. ಮುಂದಿನ ವಾರ ನಿಜವಾದ ರಜೆ ಬಂತು. ಆಗ "ಇದೂ ಸುಳ್ಳೇ ಇರಬೇಕು" ಅಂತ ಏಳು ಮಕ್ಕಳು ಮಳೆಯಲ್ಲಿ ಒದ್ದೆಯಾಗಿ ಬಂದು ಜಗಲಿಯಲ್ಲಿ ಕೂತಿದ್ದವು. ನಾನು ಹೋಗಿ ಬೀಗ ತೆಗೆದು, ಒಲೆ ಹಚ್ಚಿಸಿ, ಹಾಲು ಬಿಸಿ ಮಾಡಿಸಿ ಕೊಟ್ಟೆ. ಇದ್ದ ಕೊಡೆಗಳನ್ನೆಲ್ಲ ಹಂಚಿ, ಮನೆ ಮನೆಗೆ ಬಿಟ್ಟು ಬಂದೆ.

ಆಮೇಲೆ ಮೂರು ಜನರನ್ನು ಹಿಡಿದೆ. ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್, ಎಸ್ಟೇಟಿನ ರೈಟರ್, ಕ್ರಾಸಿನಲ್ಲಿರುವ ಅಂಗಡಿಯವರು. ರಜೆ ಖಚಿತವಾದರೆ ಮೂವರಿಗೂ ನಾನೇ ಫೋನ್ ಮಾಡುತ್ತೇನೆ. ಕಂಡಕ್ಟರ್ ಸ್ಟಾಪ್ ಸ್ಟಾಪಿನಲ್ಲೂ "ಇವತ್ತು ಸ್ಕೂಲಿಲ್ಲ" ಅಂತ ಕೂಗುತ್ತಾರೆ. ರೈಟರ್ ಬೆಳಗ್ಗೆ ಹಾಜರಿ ಹಾಕುವಾಗ ಲೈನ್ ಮನೆಯವರಿಗೆ, ಅಂದರೆ ಎಸ್ಟೇಟಿನ ಸಾಲು ಮನೆಗಳಲ್ಲಿರುವ ಕೆಲಸದವರಿಗೆ ಹೇಳುತ್ತಾರೆ. ಅಂಗಡಿಯವರು ಸ್ಲೇಟಿನ ಮೇಲೆ ಬರೆದು ನೇತುಹಾಕುತ್ತಾರೆ. ಚೀಟಿಯಲ್ಲಿ ಒಂದೇ ಸಾಲು: "ಈ ಮೂವರು ಹೇಳಿದರೆ ಮಾತ್ರ ಮಳೆ ರಜೆ. ಫೋನಿನಲ್ಲಿ ಬಂದದ್ದನ್ನು ನಂಬಬೇಡಿ." ರಜೆ ಕೊಟ್ಟ ದಿನಗಳಿಗೆ ಬದಲು ಶನಿವಾರ ಮಧ್ಯಾಹ್ನವೂ ಶಾಲೆ ಇರುತ್ತದೆ. ಅದನ್ನು ಹೇಳಲು ಮರೆತರೆ ಮಧ್ಯಾಹ್ನ ಹನ್ನೆರಡಕ್ಕೆ ಮಕ್ಕಳನ್ನು ಕರೆಯಲು ಬಂದವರು ಬೈಯುತ್ತಾರೆ. ಬೈಸಿಕೊಂಡಿದ್ದೇನೆ.

ಆಗಸ್ಟ್ ಮೊದಲ ವಾರದ ಚೀಟಿ ಜಂತುಹುಳುವಿನದ್ದು. ಆಗಸ್ಟ್ 10 ಮತ್ತು ಫೆಬ್ರವರಿ 10 ಜಂತುಹುಳು ನಿವಾರಣಾ ದಿನ. ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದು, ಅಗಿದು ತಿನ್ನಬೇಕು. ಮೊದಲ ವರ್ಷ ಏನೂ ಹೇಳದೆ ಕೊಟ್ಟೆ. ಒಂದು ಮಗುವಿಗೆ ಹೊಟ್ಟೆ ತೊಳಸಿತು, ಸಂಜೆಗೆ ಊರೆಲ್ಲ "ಸ್ಕೂಲಲ್ಲಿ ಏನೋ ತಿನ್ನಿಸಿದಾರಂತೆ" ಅನ್ನುವ ಸುದ್ದಿ. ಈಗ ಮುಂಚೆಯೇ ಹೋಗುತ್ತದೆ: "ಹೊಟ್ಟೆಯಲ್ಲಿ ಹುಳ ಇದ್ದರೆ ಮಾತ್ರೆ ತಿಂದಾಗ ಸ್ವಲ್ಪ ತೊಳಸಬಹುದು, ವಾಂತಿ ಆಗಬಹುದು. ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತದೆ. ಜ್ವರ ಇದ್ದರೆ ಅವತ್ತು ನನಗೆ ಕೊಡಬೇಡಿ ಅಂತ ಟೀಚರಿಗೆ ಹೇಳಿ." ಭಯ ಬರುವ ಮುಂಚೆ ಹೋದ ಸುದ್ದಿಗೆ ಬೆಲೆ ಇದೆ. ಆಮೇಲೆ ಹೋದರೆ ಅದು ಸಮಜಾಯಿಷಿ.

ಮೊಟ್ಟೆಯದ್ದೂ ಸ್ವಲ್ಪ ನಾಜೂಕು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಇದೆ. ಯಾರಿಗೆ ಏನು ಅಂತ ಜೂನ್‌ನಲ್ಲೇ ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಆದರೆ ಸೋಮವಾರ ತಿನ್ನದ ಮನೆ ಇದೆ, ಶ್ರಾವಣ ಮಾಸ ಪೂರ್ತಿ ತಿನ್ನದ ಮನೆ ಇದೆ. ಹಿಂದಿನ ದಿನವೇ ಹೇಳಿದರೆ ಅಡುಗೆಯವರು ಲೆಕ್ಕ ಬದಲಾಯಿಸುತ್ತಾರೆ. ಶ್ರಾವಣಕ್ಕೆ ಒಂದು ವಾರ ಮೊದಲು ಚೀಟಿಯಲ್ಲಿ ಕೇಳಿಬಿಡುತ್ತೇನೆ, ಅಷ್ಟಕ್ಕೇ ಮುಗಿಯಿತು.

ದಸರಾ ರಜೆ ಮುಗಿದು ಎರಡನೇ ಅವಧಿ ಶುರುವಾದರೆ ನಮ್ಮ ಕಷ್ಟ ಹಾಜರಿ. ನವೆಂಬರ್‌ನಿಂದ ಅಡಿಕೆ ಕೊಯ್ಲು, ಅರೇಬಿಕಾ ಕಾಫಿ ಕೊಯ್ಲು. ಅದು ಮುಗಿಯುವಾಗ ರೊಬಸ್ಟಾ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ. ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. "ಗೈರುಹಾಜರಾದರೆ ಕ್ರಮ ಕೈಗೊಳ್ಳಲಾಗುವುದು" ಅಂತ ಒಮ್ಮೆ ಬರೆದಿದ್ದೆ. ಒಬ್ಬ ತಾಯಿ ಬಂದು, "ಕ್ರಮ ಅಂದ್ರೆ ಏನ್ ಮಾಡ್ತೀರಿ ಟೀಚರೇ? ಕೂಸನ್ನ ನೀವ್ ನೋಡ್ಕೊಳ್ತೀರಾ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದೆ. ಮೂರು ವರ್ಷ ದಾಟಿದ ಮಕ್ಕಳನ್ನು ಬೆಳಗ್ಗೆಯೇ ಬಿಡಿ, ನಾನು ಬೇಗ ಬರುತ್ತೇನೆ ಅಂದರು. ಚೀಟಿಯಲ್ಲಿ ಅದು ಹೋಯಿತು: "ಅಮ್ಮ, ತಮ್ಮನನ್ನು ಅಂಗನವಾಡಿಗೆ ನಾನೇ ಬಿಟ್ಟು ಸ್ಕೂಲಿಗೆ ಹೋಗುತ್ತೇನೆ. ಸಂಜೆ ನಾನೇ ಕರೆದುಕೊಂಡು ಬರುತ್ತೇನೆ." ಎಲ್ಲರೂ ಬಂದರು ಅಂತ ಹೇಳಲಾರೆ. ಐವರಲ್ಲಿ ಮೂವರು ಬಂದರು. ಕೈಕೂಸು ಇರುವ ಇಬ್ಬರದ್ದು ಇನ್ನೂ ಬಗೆಹರಿದಿಲ್ಲ.

ಜನವರಿ ಚೀಟಿ ಮಂಗನ ಕಾಯಿಲೆಯದ್ದು. 1957 ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ನಮ್ಮ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. ಚಳಿಗಾಲದಿಂದ ಮಳೆ ಬೀಳುವವರೆಗೆ ಅದನ್ನು ಹರಡುವ ಉಣುಗಿನ ಕಾಟ. "ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ. ಬಂದ ಮೇಲೆ ಬಿಸಿನೀರಿನ ಸ್ನಾನ. ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಆಶಾ ಅಕ್ಕನಿಗೆ ಹೇಳಿ. ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ." ಇದನ್ನು ಮಕ್ಕಳು ಬೇರೆ ಯಾವ ಚೀಟಿಗಿಂತ ಚೆನ್ನಾಗಿ ಬರೆಯುತ್ತಾರೆ. ಉಣುಗು ಕಚ್ಚಿಸಿಕೊಳ್ಳದ ಮಗು ನಮ್ಮಲ್ಲಿ ಯಾರಿದ್ದಾರೆ?

ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ನಾಲ್ಕು ಕುಟುಂಬಗಳಿವೆ. ಅವರಿಗೆ ಕನ್ನಡ ಓದಲು ಬಾರದು, ಮಾತು ಅರ್ಧಂಬರ್ಧ. ಅಲ್ಲಿಯ ಒಬ್ಬ ಹುಡುಗ ಒಂದೇ ವರ್ಷದಲ್ಲಿ ಕನ್ನಡ ಕಲಿತ. ಈಗ ನಾಲ್ಕೂ ಮನೆಗೆ ಅವನೇ ಓದಿ, ಅವರ ಮಾತಿನಲ್ಲಿ ಹೇಳುತ್ತಾನೆ. ಒಂದು ಸಂಜೆ ಹೋಗಿ ಕೇಳಿದೆ. ಎರಡು ಸಾಲಿನ ಚೀಟಿಗೆ ಐದು ನಿಮಿಷ ಭಾಷಣ ಮಾಡುತ್ತಿದ್ದ, ಕೈ ತಿರುಗಿಸಿ ಉಣುಗು ಹತ್ತುವುದನ್ನೂ ತೋರಿಸುತ್ತಿದ್ದ. ಏಪ್ರಿಲ್‌ನಲ್ಲಿ ಅವರು ಊರಿಗೆ ಹೋಗುವ ಮೊದಲು ಅವನ ಚೀಟಿಯಲ್ಲಿ ಒಂದು ಸಾಲು ಜಾಸ್ತಿ ಇರುತ್ತದೆ: ವಾಪಸ್ ಬರದಿದ್ದರೆ ಟಿಸಿ ತೆಗೆದುಕೊಂಡೇ ಹೋಗಿ. ಎರಡು ವರ್ಷದಿಂದ ಆ ಸಾಲು ಬೇಕಾಗಿಲ್ಲ.

ಚೀಟಿಯ ಕೆಳಗೆ ಮೂರು ಗೆರೆ ಖಾಲಿ ಬಿಡಿಸುತ್ತೇನೆ, ಮನೆಯವರು ಏನಾದರೂ ಹೇಳುವುದಿದ್ದರೆ ಮಗುವಿನ ಕೈಯಲ್ಲಿ ಬರೆಸಲಿ ಅಂತ. ಹೆಚ್ಚಿನವು ಖಾಲಿಯೇ ವಾಪಸ್ ಬರುತ್ತವೆ. "ಸಭೆ ಸಂತೆ ದಿನ ಇಡಿ, ಅವತ್ತು ನಮಗೆ ಕೆಲಸ ಇಲ್ಲ" ಅನ್ನುವ ಸಲಹೆ ಬಂದಿದ್ದು ಅಲ್ಲಿಂದಲೇ. ಈಗ ಪೋಷಕರ ಸಭೆ ಸಂತೆಗೆ ಹೊರಡುವ ಮುಂಚೆ, ಬೆಳಗ್ಗೆ ಒಂದು ಗಂಟೆ ಮಾತ್ರ. ಬೆಂಚು ಸಾಲುವುದಿಲ್ಲ.

ಈ ಜೂನ್‌ನಲ್ಲಿ ಕೋರ್ಟ್ ಕಾಗದದ ಅಜ್ಜಿಯ ಮನೆಯಿಂದ ಉತ್ತರ ಬಂತು. ಮೊಮ್ಮಗಳು ಈಗ ಏಳನೇ ಕ್ಲಾಸು, ಅಕ್ಷರ ಗುಂಡಾಗಿದೆ. "ಟೀಚರೇ, ಮಳೆಯಲ್ಲಿ ಬಿಟ್ಟು ಹೋದ ದಿನದ ನಿಮ್ಮ ಕೊಡೆ ನಮ್ಮನೇಲೇ ಉಳಿದಿದೆ. ಒಂದು ಕಡ್ಡಿ ಮುರಿದಿದೆ. ಸೋಮವಾರ ಕಳಿಸುತ್ತೇವೆ." ಸೋಮವಾರ ಕೊಡೆ ಬಂತು. ಕಡ್ಡಿಗೆ ತಂತಿ ಸುತ್ತಿ ಸರಿ ಮಾಡಿದ್ದರು. ಒಳಗೆ ಮಡಿಕೆಯಲ್ಲಿ ಒಂದು ಹಿಡಿ ಒಣಗಿಸಿದ ಹಲಸಿನ ಹಪ್ಪಳದ ಚೂರು ಇತ್ತು.